ಇಡ್ಲಿ ಗಟ್ಟಿಯಾದರೆ ಗಿರಾಕಿ ಹೇಳುತ್ತಾನೆ, ಸಂಘಕ್ಕೆ ಹೇಳುವವರು ಯಾರು?

ಮುಂಬಯಿ ಕನ್ನಡಿಗರಿಗೆ ಎರಡು ಕೆಲಸ ಚೆನ್ನಾಗಿ ಬರುತ್ತದೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಒಂದು ಹೋಟೆಲ್ ನಡೆಸುವುದು, ಇನ್ನೊಂದು ಸಂಘ ಕಟ್ಟುವುದು. ಎಷ್ಟೋ ಸಲ ಎರಡನ್ನೂ ಮಾಡುವವರು ಒಬ್ಬರೇ. ಬೆಳಿಗ್ಗೆ ಗಲ್ಲಾದಲ್ಲಿ ಕೂತವರು ಭಾನುವಾರ ಸಂಜೆ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೂತಿರುತ್ತಾರೆ. ಆದರೆ ಅದೇ ಮನುಷ್ಯ ಹೋಟೆಲಿನಲ್ಲಿ ಕಲಿಯುವ ರೀತಿಗೂ ಸಂಘದಲ್ಲಿ ಕಲಿಯುವ ರೀತಿಗೂ ಅಜಗಜಾಂತರ.

ಹೋಟೆಲಿನಲ್ಲಿ ಇಡ್ಲಿ ಗಟ್ಟಿಯಾದರೆ ಗಿರಾಕಿ ತಟ್ಟೆ ದೂಡುತ್ತಾನೆ. ಮಾರನೆಯ ದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ. ಮಧ್ಯಾಹ್ನದೊಳಗೆ ಧಣಿಗೆ ಸುದ್ದಿ ಮುಟ್ಟುತ್ತದೆ, ಸಂಜೆಯೊಳಗೆ ಅಕ್ಕಿ ಬದಲಾಗುತ್ತದೆ. ಸಂಘದಲ್ಲಿ ಹಾಗಲ್ಲ. ಜೂನ್‌ನಲ್ಲಿ ಕಟ್ಟಬೇಕಾದ ಫೀಸಿಗೆ ಡಿಸೆಂಬರ್‌ನಲ್ಲಿ ವಿದ್ಯಾರ್ಥಿವೇತನ ಕೊಟ್ಟರೂ, ಪಡೆದ ಮಗು ವೇದಿಕೆಗೆ ಬಂದು ಕೈಮುಗಿಯುತ್ತದೆ. ತಂದೆತಾಯಿ ಧನ್ಯವಾದ ಹೇಳುತ್ತಾರೆ. ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಎಲ್ಲವೂ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ, ಹತ್ತು ವರ್ಷ ಹಾಗೇ ಮುಂದುವರಿಯುತ್ತದೆ.

ಹೋಟೆಲಿನಲ್ಲಿ ತಿನ್ನುವವನೇ ದುಡ್ಡು ಕೊಡುವವನು. ಸೇವಾ ಸಂಸ್ಥೆಯಲ್ಲಿ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಪಡೆಯುವವರಿಗೆ ತಟ್ಟೆ ದೂಡುವ ಧೈರ್ಯವಿಲ್ಲ. ಕೊಡುವವರಿಗೆ ತಟ್ಟೆಯಲ್ಲಿ ಏನಿತ್ತೆಂದು ತಿಳಿಯುವುದಿಲ್ಲ. ಸೇವಾ ಸಂಸ್ಥೆಗಳಲ್ಲಿ ಹೊಸತನ ಯಾಕೆ ಬೆಳೆಯುವುದಿಲ್ಲ ಎಂಬ ಪ್ರಶ್ನೆಗೆ ನನಗೆ ಕಾಣುವ ಮೊದಲ ಉತ್ತರ ಇದೇ. ಯೋಚನೆಗಳ ಕೊರತೆಯಲ್ಲ, ದೂರು ಕೇಳುವ ಕಿವಿಯ ಕೊರತೆ.

ಹೊಸತನ ಎಂದ ಕೂಡಲೇ ನಮ್ಮಂಥ ಐಟಿಯವರ ಬಾಯಿಗೆ ಬರುವುದು ಆ್ಯಪ್, ಪೋರ್ಟಲ್, ಈಗೀಗ ಎಐ. ಸಂಘದ ಸದಸ್ಯತ್ವದ ರಶೀದಿಯನ್ನು ಮೊಬೈಲಿಗೆ ತಂದರೆ ಒಳ್ಳೆಯದೇ. ಆದರೆ ಈ ಊರಿನಲ್ಲಿ ನಿಜವಾಗಿ ಹೊಸದು ಹುಟ್ಟಿದ ಕಡೆಗಳಲ್ಲೆಲ್ಲ ಮೊದಲು ಬಂದದ್ದು ಯಂತ್ರವಲ್ಲ, ಒಂದು ಪ್ರಶ್ನೆ. ಅಂಥ ಕೆಲವು ಕಥೆಗಳನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದು ನಮ್ಮದೇ.

ಕತ್ತಲಾದ ಮೇಲೆ ತೆರೆಯುತ್ತಿದ್ದ ಶಾಲೆ

ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಶನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಶನ್ 1932. ಆ ಕಾಲದ ಹಿರಿಯರಿಗೆ 'ಇನ್ನೊವೇಶನ್' ಎಂಬ ಪದ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಊರಿನಿಂದ ಬಂದ ಹುಡುಗ. ಹತ್ತು ಹನ್ನೆರಡರ ಪ್ರಾಯದಲ್ಲಿ ಶಾಲೆ ಬಿಟ್ಟು, ಫೋರ್ಟ್‌ನಲ್ಲೋ ಮಾಟುಂಗದಲ್ಲೋ ಕಪ್ಪುಬಸಿ ತೊಳೆಯುತ್ತ, ಹೋಟೆಲಿನಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ ಮಾಣಿ.

ಅವನಿಗಾಗಿ ಅವರು ಮಾಡಿದ್ದು ರಾತ್ರಿ ಶಾಲೆ. ಮೊಗವೀರರದ್ದು, ಬಂಟರದ್ದು, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳ ಒಂದು ಪರಂಪರೆಯೇ ಬೆಳೆಯಿತು. ಇದರಲ್ಲಿ ಹೊಸತೇನು ಎಂದು ಕೇಳಬಹುದು. ಕಟ್ಟಡ ಹೊಸತಲ್ಲ, ಪಾಠ ಹೊಸತಲ್ಲ, ಪರೀಕ್ಷೆಯೂ ಹೊಸತಲ್ಲ. ಬದಲಾದದ್ದು ಗಡಿಯಾರ ಮಾತ್ರ. ಹುಡುಗ ಶಾಲೆಯ ಹೊತ್ತಿಗೆ ಬರಲಾರ, ಹಾಗಾದರೆ ಶಾಲೆ ಹುಡುಗನ ಹೊತ್ತಿಗೆ ಬರಲಿ ಎಂದು ಯಾರೋ ಯೋಚಿಸಿದರು. ಅಷ್ಟೇ. ಆ ಒಂದು ತಿರುಗುಮುರುಗಿನಿಂದ ಸಾವಿರಾರು ಮಾಣಿಗಳು ಎಸ್ಸೆಸ್ಸೆಲ್ಸಿ ದಾಟಿದರು. ಅವರಲ್ಲಿ ಕೆಲವರು ಬ್ಯಾಂಕು ಸೇರಿದರು, ಕೆಲವರು ವಕೀಲರಾದರು, ಹಲವರು ತಾವು ತಟ್ಟೆ ಎತ್ತಿದಂಥ ಹೋಟೆಲುಗಳಿಗೆ ತಾವೇ ಧಣಿಗಳಾದರು.

ಅದೇ ಪ್ರಶ್ನೆ ಮುಂದೆ ಇನ್ನೊಂದು ರೂಪ ಪಡೆಯಿತು. ದುಡಿಯುವ ಹುಡುಗನ ಉಳಿತಾಯ ಎಲ್ಲಿಡಬೇಕು, ಅಡವಿಡಲು ಏನೂ ಇಲ್ಲದವನಿಗೆ ಸಾಲ ಯಾರು ಕೊಡಬೇಕು? ಮೊಗವೀರರು 1946ರಲ್ಲಿ ಸಹಕಾರಿ ಬ್ಯಾಂಕ್ ಕಟ್ಟಿದರು. ಬಿಲ್ಲವರ ಅಸೋಸಿಯೇಶನ್ನಿನ ಬೆನ್ನಿಗೆ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಹುಟ್ಟಿ, ಮುಂದೆ ಹಲವು ರಾಜ್ಯಗಳಿಗೆ ಹಬ್ಬಿತು. ಕಣ್ಣೆದುರಿನ ಮನುಷ್ಯನ ದಿನಚರಿ ನೋಡಿ ಕೆಲಸ ರೂಪಿಸುವ ಗುಣ ನಮ್ಮ ಸಂಘಗಳಿಗೆ ಹೊಸದಾಗಿ ಕಲಿಯಬೇಕಾದದ್ದಲ್ಲ. ಅದು ಮರೆತ ಗುಣ.

ಸಯನ್ ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ

ಎರಡನೆಯ ಕಥೆ ಮಾಟುಂಗಕ್ಕೆ ಕೂಗಳತೆಯಲ್ಲಿರುವ ಸಯನ್ ಆಸ್ಪತ್ರೆಯದ್ದು. ಅದು ಮಹಾನಗರಪಾಲಿಕೆಯ ಆಸ್ಪತ್ರೆ, ಧಾರಾವಿಯ ಬಡವರಿಗೆ ಅದೇ ಗತಿ. ಅಲ್ಲಿನ ನವಜಾತ ಶಿಶುಗಳ ವಿಭಾಗದ ಹೊಣೆ ಹೊತ್ತಿದ್ದವರು ಡಾ. ಆರ್ಮಿಡಾ ಫರ್ನಾಂಡಿಸ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು ಸೋಂಕಿನಿಂದ ಸಾಯುತ್ತಿದ್ದವು. ದುಡ್ಡಿದ್ದರೆ ಹೊಸ ಯಂತ್ರ ತರಿಸಬಹುದಿತ್ತು. ದುಡ್ಡಿರಲಿಲ್ಲ. ಅವರು ಪುಡಿ ಹಾಲು ಬಿಟ್ಟು ಎದೆಹಾಲಿಗೆ ಮರಳಿದರು, ತಾಯಂದಿರನ್ನೇ ವಾರ್ಡಿನೊಳಗೆ ಕರೆದು ಮಗುವಿನ ಆರೈಕೆಗೆ ನಿಲ್ಲಿಸಿದರು. ತಾಯಿಯ ಹಾಲು ಸಾಲದ ಮಕ್ಕಳಿಗಾಗಿ ಬೇರೆ ತಾಯಂದಿರು ಕೊಟ್ಟ ಹಾಲನ್ನು ಶುದ್ಧಗೊಳಿಸಿ ಕಾಪಿಡುವ ವ್ಯವಸ್ಥೆ 1989ರಲ್ಲಿ ಶುರುವಾಯಿತು. ಅದು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದು ಮುಖ್ಯ. ವಾರ್ಡಿನಲ್ಲಿ ಎಷ್ಟೇ ಮಾಡಿದರೂ ಮಕ್ಕಳು ಬರುವಾಗಲೇ ಸೋತು ಬರುತ್ತಿದ್ದವು. ಬಸುರಿಯ ಊಟ, ಮನೆಯ ಹಿಂಸೆ, ತಡವಾಗಿ ಆಸ್ಪತ್ರೆ ಸೇರುವುದು, ಇವೆಲ್ಲ ವಾರ್ಡಿನ ಗೋಡೆಯಾಚೆಯ ಸಂಗತಿಗಳು. 'ಇವರು ಇಲ್ಲಿಗೆ ಬರುವ ಮೊದಲು ಏನಾಗುತ್ತಿದೆ?' ಎಂಬ ಪ್ರಶ್ನೆಯ ಬೆನ್ನು ಹತ್ತಿ 1999ರಲ್ಲಿ ಹುಟ್ಟಿದ ಸಂಸ್ಥೆ 'ಸ್ನೇಹಾ'. ಇಂದು ಅದು ಮುಂಬಯಿಯ ಬಸ್ತಿಗಳಲ್ಲಿ ತಾಯಿ ಮಗುವಿನ ಆರೋಗ್ಯಕ್ಕಾಗಿ, ಮಹಿಳೆಯರ ಮೇಲಿನ ದೌರ್ಜನ್ಯ ತಡೆಗಾಗಿ ಕೆಲಸ ಮಾಡುತ್ತಿದೆ. ಒಂದು ಗೆಲುವಿನ ಮೇಲೆ ಕೂತುಬಿಡದೆ ಮುಂದಿನ ಪ್ರಶ್ನೆ ಕೇಳಿದ್ದರ ಫಲ ಅದು.

ಸೋತದ್ದನ್ನೂ ಬರೆದಿಟ್ಟವರು

ಮೂರನೆಯದು 'ಪ್ರಥಮ್'. 1995ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಬಾಲವಾಡಿಗಳಿಂದ ಶುರುವಾದ ಸಂಸ್ಥೆ. ಕಟ್ಟಿದವರು ರಸಾಯನಶಾಸ್ತ್ರ ಓದಿದ ಮಾಧವ ಚವಾಣ್ ಮತ್ತು ಸಮಾಜಕಾರ್ಯದ ಅಧ್ಯಾಪಕಿ ಫರೀದಾ ಲಾಂಬೆ. ಕಟ್ಟಡ ಕಟ್ಟುತ್ತ ಕೂರದೆ ದೇವಸ್ಥಾನದ ಜಗಲಿಯೋ, ಯಾರದೋ ಮನೆಯ ಹೊರಕೋಣೆಯೋ ಸಿಕ್ಕಲ್ಲಿ ಮಕ್ಕಳನ್ನು ಕೂರಿಸಿದರು. ಕಲಿಸಿದವರು ಅದೇ ಬಸ್ತಿಯ ಹೆಣ್ಣುಮಕ್ಕಳು.

ಮುಂದೆ ಪಾಲಿಕೆಯ ಶಾಲೆಗಳಲ್ಲಿ ಮೂರು ನಾಲ್ಕನೆಯ ತರಗತಿಗೆ ಬಂದರೂ ಓದಲು ಬಾರದ ಮಕ್ಕಳನ್ನು ಕಂಡು 'ಬಾಲಸಖಿ' ಎಂಬ ಪ್ರಯೋಗ ಮಾಡಿದರು. ಸ್ಥಳೀಯ ಯುವತಿಯೊಬ್ಬಳು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅವರಿಗೆ ಬರುವಲ್ಲಿಂದ ಕಲಿಸುವುದು. ಇದು ಫಲ ಕೊಡುತ್ತಿದೆಯೇ ಎಂದು ತಾವೇ ಹೇಳಿಕೊಳ್ಳದೆ ಹೊರಗಿನವರಿಂದ ಅಳೆಯಿಸಿದರು. ಮುಂಬಯಿ ಮತ್ತು ವಡೋದರಾದಲ್ಲಿ ನಡೆದ ಆ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು ಅವರೇ. ತೀರಾ ಹಿಂದಿದ್ದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು.

ನನಗೆ ಇದಕ್ಕಿಂತ ಮುಂದಿನ ಭಾಗ ದೊಡ್ಡದಾಗಿ ಕಾಣುತ್ತದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲೆಯ ಸ್ಥಿತಿಗತಿ ತಿಳಿಸಿದರೆ ಜನರೇ ಎಚ್ಚೆತ್ತು ಶಾಲೆ ಸುಧಾರಿಸುತ್ತಾರೆ ಎಂದು ಒಂದು ಪ್ರಯತ್ನ ನಡೆಯಿತು. ಶಾಲೆಗಳಲ್ಲಿ ಏನೂ ಬದಲಾಗಲಿಲ್ಲ. ಸ್ವಯಂಸೇವಕರು ನಡೆಸಿದ ಓದಿನ ತರಗತಿಗೆ ಬಂದ ಮಕ್ಕಳು ಕಲಿತರು, ಆದರೆ ಬಂದವರೇ ಕಡಿಮೆ. ಬಿಹಾರದಲ್ಲಿ ಶಾಲೆಗಳಿಗೆ ಪುಸ್ತಕ ಸಾಮಗ್ರಿ ಕೊಟ್ಟು, ಶಿಕ್ಷಕರಿಗೆ ತರಬೇತಿ ಕೊಟ್ಟರೂ ಅಷ್ಟರಿಂದಲೇ ಓದು ಸುಧಾರಿಸಲಿಲ್ಲ. ಪಠ್ಯ ಮುಗಿಸುವ ಅವಸರದಲ್ಲಿ ಶಿಕ್ಷಕರು ಹಿಂದುಳಿದವರ ಕಡೆ ತಿರುಗಲಾಗುತ್ತಿರಲಿಲ್ಲ. ಹಾಗಾಗಿ ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನೇ ಇದಕ್ಕೆಂದು ಮೀಸಲಿಟ್ಟು, ತರಗತಿ ನೋಡದೆ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿದರು. ಆಗ ಓದಿನಲ್ಲಿ ವ್ಯತ್ಯಾಸ ಕಂಡಿತು.

ಇವೆಲ್ಲ ಸೋಲುಗಳು ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ನಮ್ಮ ಸಂಘಗಳ ವಾರ್ಷಿಕ ವರದಿಯಲ್ಲಿ 'ಈ ವರ್ಷ ಈ ಕಾರ್ಯಕ್ರಮ ಉಪಯೋಗವಾಗಲಿಲ್ಲ, ಕಾರಣ ಹೀಗೆ' ಎಂಬ ಒಂದು ಸಾಲನ್ನು ಎಂದಾದರೂ ಓದಿದ್ದೇವೆಯೇ? ಎಲ್ಲ ಕಾರ್ಯಕ್ರಮಗಳೂ 'ಅದ್ದೂರಿಯಾಗಿ ಜರಗಿದವು'. ಎಲ್ಲವೂ ಗೆದ್ದ ಕಡೆ ಕಲಿಯಲು ಏನೂ ಉಳಿಯುವುದಿಲ್ಲ.

ಮುಚ್ಚಲು ಬಲ್ಲ ಸಂಸ್ಥೆ

ಹೊಸದನ್ನು ಆರಂಭಿಸುವುದು ಅಷ್ಟೇನೂ ಕಷ್ಟವಲ್ಲ. ಹಳೆಯದನ್ನು ನಿಲ್ಲಿಸುವುದು ಕಷ್ಟ. ಇದನ್ನು ಕಟ್ಟಡ ಕಾರ್ಮಿಕರ ಮಕ್ಕಳ ನಡುವೆ ಕೆಲಸ ಮಾಡುವ 'ಮುಂಬಯಿ ಮೊಬೈಲ್ ಕ್ರೆಶಸ್' ನೋಡಿ ಕಲಿಯಬಹುದು. 1969ರಲ್ಲಿ ಮೀರಾ ಮಹಾದೇವನ್ ದೆಹಲಿಯಲ್ಲಿ ಆರಂಭಿಸಿದ ಕೆಲಸ 1972ರಲ್ಲಿ ಮುಂಬಯಿಗೆ ಬಂತು. ಕಟ್ಟಡ ಏಳುತ್ತಿರುವ ಜಾಗದಲ್ಲೇ ಶಿಶುಮಂದಿರ. ತಾಯಿ ಇಟ್ಟಿಗೆ ಹೊರುವಾಗ ಮಗು ಮರಳಿನ ರಾಶಿಯಲ್ಲಿ ಬಿದ್ದಿರದೆ ಹಾಲು, ಊಟ, ಅಕ್ಷರಗಳ ನಡುವೆ ಇರುತ್ತದೆ. ಕಟ್ಟಡ ಮುಗಿಯಿತೆಂದರೆ ಕಾರ್ಮಿಕರು ಮುಂದಿನ ಸೈಟಿಗೆ ಹೊರಡುತ್ತಾರೆ, ಕೇಂದ್ರವೂ ಮುಚ್ಚುತ್ತದೆ. ಅಲ್ಲಿ ಯಾರೂ ಕಲ್ಲಿನ ಫಲಕ ಹಾಕಿಸುವುದಿಲ್ಲ. ಮಗು ಎಲ್ಲಿದೆಯೋ ಸಂಸ್ಥೆ ಅಲ್ಲಿ.

ನಮ್ಮ ರಾತ್ರಿ ಶಾಲೆಗಳ ಕಡೆ ಒಮ್ಮೆ ತಿರುಗಿ ನೋಡೋಣ. ಊರಿನಿಂದ ಹುಡುಗರು ಬರುವುದು ನಿಂತಿತು. ಉಡುಪಿ, ಮಂಗಳೂರು ಕಡೆ ಮಕ್ಕಳು ಊರಿನಲ್ಲೇ ಓದುತ್ತಾರೆ. ಅದು ಸಂತೋಷದ ಸಂಗತಿ. ಇಂದು ನಮ್ಮ ಹೋಟೆಲುಗಳಲ್ಲಿ ತಟ್ಟೆ ಎತ್ತುವವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ಅಸ್ಸಾಂ ಕಡೆಯವರು. ಕನ್ನಡ ರಾತ್ರಿ ಶಾಲೆಗಳ ಹಾಜರಿ ಕರಗುತ್ತ ಬಂತು. ಶಾಲೆ ಸೋತದ್ದಲ್ಲ, ಅದರ ಕೆಲಸ ಮುಗಿದದ್ದು. ಆದರೆ ಆ ಜಾಗದಲ್ಲಿ ಬರಬೇಕಿದ್ದ ಪ್ರಶ್ನೆ, 'ಹಾಗಾದರೆ ಈಗ ನಮ್ಮ ಮಾಣಿ ಯಾರು?' ಎಂಬುದು, ಬಹುತೇಕ ಕಡೆ ಬರಲೇ ಇಲ್ಲ. ಬಂದದ್ದು ಸಭಾಗೃಹ, ಎಸಿ, ಮದುವೆ ಬುಕಿಂಗ್ ಮತ್ತು ಸಾಲುಸಾಲು ಮಹೋತ್ಸವಗಳು.

ಜೂನ್‌ನ ಫೀಸು, ಡಿಸೆಂಬರ್‌ನ ಶಾಲು

ಉಪನಗರದ ಒಂದು ಪುಟ್ಟ ಸಂಘದಲ್ಲಿ ನಾವು ಮೂರು ನಾಲ್ಕು ಮಂದಿ ಒಮ್ಮೆ ಸಣ್ಣ ಕೆಲಸ ಮಾಡಿದೆವು. ಹಿಂದಿನ ವರ್ಷ ವಿದ್ಯಾರ್ಥಿವೇತನ ಪಡೆದ ಮನೆಗಳಿಗೆ ಫೋನ್ ಮಾಡಿದೆವು. 'ಸಂಘದಿಂದ ಮಾತಾಡುತ್ತಿದ್ದೇವೆ' ಎಂದ ಕೂಡಲೇ ಎಲ್ಲರೂ ಹೊಗಳಿದರು. 'ನಮಗೆ ಹೊಗಳಿಕೆ ಬೇಡ ಅಕ್ಕ, ಏನು ತೊಂದರೆ ಆಯ್ತು ಹೇಳಿ' ಎಂದು ಎರಡು ಮೂರು ಸಲ ಕೇಳಿದ ಮೇಲೆ ಮಾತು ಹೊರಬಂತು. ಫೀಸು ಜೂನ್‌ನಲ್ಲಿ, ದುಡ್ಡು ಡಿಸೆಂಬರ್‌ನಲ್ಲಿ. ನಡುವಿನ ಆರು ತಿಂಗಳಿಗೆ ಬಳೆ ಅಡವಿಟ್ಟವರಿದ್ದರು. ಅರ್ಜಿ ಭಾನುವಾರ ಖುದ್ದಾಗಿ ತಂದುಕೊಡಬೇಕಿತ್ತು, ಹೋಟೆಲಿನಲ್ಲಿ ಅಡುಗೆ ಮಾಡುವ ತಂದೆಗೆ ಭಾನುವಾರವೇ ರಜೆ ಸಿಗುವುದಿಲ್ಲ. ಒಬ್ಬ ತಾಯಿ ತಡೆದು ತಡೆದು ಹೇಳಿದ್ದು ಈಗಲೂ ಕಿವಿಯಲ್ಲಿದೆ: 'ಮಗಳಿಗೆ ಸ್ಟೇಜಿಗೆ ಬರಲಿಕ್ಕೆ ಮನಸ್ಸಿಲ್ಲ. ಅವಳ ಕ್ಲಾಸಿನ ಮಕ್ಕಳೇ ಕೆಳಗೆ ಕೂತಿರುತ್ತಾರೆ.'

ಈ ಮೂರು ತೊಂದರೆಗಳೂ ಎಷ್ಟೋ ವರ್ಷಗಳಿಂದ ಇದ್ದವು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಕೇಳಿರಲಿಲ್ಲ, ಅಷ್ಟೇ. ಸಮಿತಿಯಲ್ಲಿ ಚರ್ಚೆಯಾಯಿತು. ಚೆಕ್ಕನ್ನು ತಾವೇ ಕೈಯಾರೆ ಕೊಡುವ ಸಂತೋಷ ತಪ್ಪುತ್ತದೆ ಎಂದು ಕೆಲವು ದಾನಿಗಳು ಬೇಸರಪಟ್ಟರು. ಆ ಬೇಸರವನ್ನೂ ನಗಣ್ಯ ಮಾಡುವಂತಿಲ್ಲ, ಕೊಡುವವರ ಸಂತೋಷದಿಂದಲೇ ಸಂಘ ನಡೆಯುವುದು. ಕೊನೆಗೆ ಹಣ ಜೂನ್‌ನಲ್ಲೇ ನೇರ ಬ್ಯಾಂಕ್ ಖಾತೆಗೆ ಹೋಗುವುದೆಂದು, ಡಿಸೆಂಬರ್ ಸಮಾರಂಭದಲ್ಲಿ ಮಾತಾಡಲು ಇಷ್ಟವಿರುವ ಮಕ್ಕಳು ಮಾತ್ರ ಬಂದು ತಾವು ಓದುತ್ತಿರುವುದರ ಬಗ್ಗೆ ಹೇಳುವುದೆಂದು ತೀರ್ಮಾನವಾಯಿತು. ಇದಕ್ಕೆ ಆದ ಹೆಚ್ಚುವರಿ ಖರ್ಚು ಕೆಲವು ಫೋನ್ ಕರೆಗಳು. ಆ್ಯಪ್ ಬೇಕಾಗಲಿಲ್ಲ.

ಎಚ್ಚರವೂ ಬೇಕು, ಪ್ರಯೋಗವೂ ಬೇಕು

ಹಿರಿಯರ ಆಕ್ಷೇಪದಲ್ಲಿ ಹುರುಳಿಲ್ಲ ಎಂದಲ್ಲ. ಸಂಘದ ಹಣ ಸಾರ್ವಜನಿಕರ ಹಣ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಾಯಿಸಿದ ಸಂಸ್ಥೆ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಒಪ್ಪಿಸಬೇಕು, ಪದಾಧಿಕಾರಿಗಳು ಬದಲಾದರೆ ವರದಿ ಸಲ್ಲಿಸಬೇಕು. ಹೋಟೆಲ್ ಧಣಿ ತನ್ನ ದುಡ್ಡನ್ನು ಕಳೆದುಕೊಳ್ಳಬಹುದು, ಟ್ರಸ್ಟಿ ಬೇರೆಯವರ ದುಡ್ಡನ್ನು ಹಾಗೆ ಕಳೆಯುವಂತಿಲ್ಲ. ಆ ಅಳುಕು ಪ್ರಾಮಾಣಿಕತೆಯ ಲಕ್ಷಣ.

ದೊಡ್ಡ ಸಂಸ್ಥೆಗಳಿಗೆ ಇನ್ನೊಂದು ಕಟ್ಟು ಇದೆ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಸಿಎಸ್‌ಆರ್ ಹಣ ಸಾಮಾನ್ಯವಾಗಿ ಬರುವುದು ಇಂತಿಷ್ಟು ಬೆಂಚು, ಇಂತಿಷ್ಟು ಶಿಬಿರ ಎಂದು ಮೊದಲೇ ಎಣಿಸಿಟ್ಟ ಯೋಜನೆಗೆ. ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಶೇಕಡಾ 5 ಮೀರಬಾರದು ಎಂಬುದು ನಿಯಮ. ಅದನ್ನು ಸೇವಾ ಸಂಸ್ಥೆಯ ಮೇಲೂ ಹೇರಿ, ಸಂಬಳಕ್ಕೆ, ತರಬೇತಿಗೆ, ಫಲಿತಾಂಶ ಅಳೆಯುವುದಕ್ಕೆ ದುಡ್ಡು ಕೊಡಲು ಹಿಂಜರಿಯುವ ಕಂಪನಿಗಳುಂಟು. ಬೆಂಚಿಗೆ ದುಡ್ಡಿದೆ, ಯೋಚಿಸುವುದಕ್ಕೆ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಅಂಥ ಕಂಪನಿಗಳಲ್ಲೇ ಕೆಲಸ ಮಾಡುತ್ತೇವೆ. ಈ ಮಾತನ್ನು ನಮ್ಮ ಆಫೀಸುಗಳಲ್ಲಿ ಎತ್ತುವುದೂ ಒಂದು ಸೇವೆಯೇ.

ಹಾಗಾದರೆ ಒಂದು ಸಾಮಾನ್ಯ ಸಂಘ ಏನು ಮಾಡಬಹುದು? ವರ್ಷಕ್ಕೆ ಹತ್ತು ಲಕ್ಷ ಖರ್ಚು ಮಾಡುವ ಸಂಘ ಇಪ್ಪತ್ತು ಮೂವತ್ತು ಸಾವಿರ ರೂಪಾಯಿಯನ್ನು ಪ್ರಯೋಗಕ್ಕೆಂದು ಠರಾವು ಮಾಡಿ ಬದಿಗಿಡಲಿ. ಹೋದರೂ ಸಂಘ ಮುಳುಗುವುದಿಲ್ಲ, ಲೆಕ್ಕಪರಿಶೋಧಕರಿಗೂ ಉತ್ತರ ಇರುತ್ತದೆ. ಪ್ರಯೋಗ ಮೂರು ತಿಂಗಳಿನದ್ದಾಗಿರಲಿ. ಏನಾದರೆ ಗೆದ್ದಂತೆ, ಏನಾದರೆ ನಿಲ್ಲಿಸಬೇಕು ಎಂಬುದನ್ನು ಶುರುವಿನಲ್ಲೇ ಬರೆದಿಡಲಿ. ಆಮೇಲೆ ಬರೆದರೆ ಎಲ್ಲವೂ ಗೆದ್ದಂತೆಯೇ ಕಾಣುತ್ತದೆ.

ವರ್ಷಕ್ಕೊಮ್ಮೆ, ಸಮಿತಿಯಲ್ಲಿ ಇಲ್ಲದ ಇಬ್ಬರು, ಸಂಘದ ಸಹಾಯ ಪಡೆದ ಇಪ್ಪತ್ತು ಮಂದಿಗೆ ಫೋನ್ ಮಾಡಲಿ. ಅರ್ಜಿ ಹಾಕಬಹುದಾಗಿದ್ದೂ ಹಾಕದ ಹತ್ತು ಮಂದಿಯನ್ನು ಹುಡುಕಿ ಅವರಿಗೂ ಮಾಡಲಿ. ನಿಜವಾದ ಸುದ್ದಿ ಸಾಮಾನ್ಯವಾಗಿ ಆ ಹತ್ತರಲ್ಲಿರುತ್ತದೆ. ಕೇಳಿದ್ದನ್ನು ಹೆಸರಿಲ್ಲದೆ ವಾರ್ಷಿಕ ಮಹಾಸಭೆಯಲ್ಲಿ ಓದಲಿ. ಹಳೆಯ ಕಾರ್ಯಕ್ರಮಗಳಲ್ಲಿ ಒಂದನ್ನು ಪ್ರತಿವರ್ಷ ಎದುರಿಗಿಟ್ಟು 'ಇದನ್ನು ಇಂದು ಹೊಸದಾಗಿ ಶುರು ಮಾಡುತ್ತಿದ್ದೆವೇ?' ಎಂದು ಕೇಳಲಿ. ಇಲ್ಲ ಎಂದಾದರೆ ಶುರು ಮಾಡಿದವರಿಗೆ ಗೌರವದಿಂದ ನಮಸ್ಕರಿಸಿ ನಿಲ್ಲಿಸಲಿ.

ಯುವಕರು ಬರುವುದಿಲ್ಲ ಎಂಬ ಕೊರಗಿನ ಬಗ್ಗೆಯೂ ಒಂದು ಮಾತು. ಅವರಿಗೆ ಕುರ್ಚಿ ಜೋಡಿಸುವ, ಬ್ಯಾನರ್ ಕಟ್ಟುವ, ಫೇಸ್‌ಬುಕ್‌ಗೆ ಫೋಟೊ ಹಾಕುವ ಕೆಲಸ ಕೊಡುತ್ತೇವೆ. ನಿರ್ಧಾರ ಕೊಡುವುದಿಲ್ಲ. ನಾನು ದುಡಿಯುವ ಸಾಫ್ಟ್‌ವೇರ್ ಲೋಕದಲ್ಲಿ ಸಾವಿರ ದೋಷಗಳಿವೆ, ಆದರೆ ಒಂದು ಅಭ್ಯಾಸ ಒಳ್ಳೆಯದು. ಎರಡು ವಾರಕ್ಕೊಮ್ಮೆ ತಂಡ ಕೂತು ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಮಾತಾಡುತ್ತದೆ. ಆ ಹೊತ್ತಿನಲ್ಲಿ ನಿನ್ನೆ ಸೇರಿದ ಹುಡುಗಿಯೂ ಮ್ಯಾನೇಜರನ ಮಾತು ತಪ್ಪೆಂದು ಹೇಳಬಹುದು. ಆ ಮೂವತ್ತು ಸಾವಿರ ರೂಪಾಯಿಯನ್ನು ಮೂವತ್ತರೊಳಗಿನವರ ಕೈಗೇ ಕೊಟ್ಟು ನೋಡಿ, ಬರುತ್ತಾರೋ ಇಲ್ಲವೋ ತಿಳಿಯುತ್ತದೆ.

ಈಗ ನಮ್ಮ ಮಾಣಿ ಯಾರು?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಠಾಣೆಯಿಂದ ನವಿ ಮುಂಬಯಿವರೆಗೆ ಬೆಳಗಿನ ಕೂಲಿ ನಾಕಾಗಳಲ್ಲಿ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಕರಾವಳಿಯ ನಮ್ಮ ಕಿವಿಗೆ ಆ ಕನ್ನಡ ಸ್ವಲ್ಪ ಬೇರೆ, ಅವರ ಜಾತಿ ಬೇರೆ, ನಮ್ಮ ಸಂಘಗಳ ಸದಸ್ಯತ್ವದ ಪಟ್ಟಿಯಲ್ಲಿ ಅವರ ಹೆಸರು ಅಪರೂಪ. ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಸೈಟಿನಿಂದ ಸೈಟಿಗೆ ಅಲೆಯುವ ಮಗುವಿಗೆ ಆ ಶಾಲೆ ಎಲ್ಲಿದೆ ಎಂದು ತೋರಿಸಲು, ಮರಾಠಿ ಶಾಲೆಗೇ ಸೇರಿದರೆ ಮೊದಲ ಆರು ತಿಂಗಳು ಜೊತೆಗಿದ್ದು ದಾಟಿಸಲು ಒಬ್ಬ ಕನ್ನಡದ ಅಕ್ಕ ಸಾಕು. ಇನ್ನೊಂದು ಕಡೆ, ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ಮಕ್ಕಳು ವಿದೇಶದಲ್ಲಿರುವ ಹಿರಿಯರಿದ್ದಾರೆ. ಸಂಘ ಅವರನ್ನು ವರ್ಷಕ್ಕೊಮ್ಮೆ ಶಾಲು ಹೊದಿಸಿ ಕಳಿಸುತ್ತದೆ, ಆಸ್ಪತ್ರೆಗೆ ಹೋಗುವ ದಿನ ಜೊತೆಗಿರಲು ಯಾರೂ ಇರುವುದಿಲ್ಲ.

ಇವರಲ್ಲಿ ಯಾರು ನಮ್ಮ ಸಂಘದ ಮಾಣಿ ಎಂಬುದನ್ನು ಆಯಾ ಸಂಘವೇ ತೀರ್ಮಾನಿಸಬೇಕು. ನಿಮ್ಮ ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲು ಇದ್ದೇ ಇರುತ್ತದೆ. ಅದು ಬರುವ ಹೊತ್ತಿಗೆ ಚಹಾ ಬಂದಿರುತ್ತದೆ, ಎಲ್ಲರೂ ಲೋಕಲ್ ಹಿಡಿಯುವ ಅವಸರದಲ್ಲಿರುತ್ತಾರೆ. ಈ ಪ್ರಶ್ನೆಯನ್ನು ಅಲ್ಲಿಡಬೇಡಿ. ಒಂದನೆಯ ವಿಷಯವಾಗಿ ಇಡಿ.